ಸೀಕೋ ಎಸ್‌ಕೆಎಕ್ಸ್007: ದುಬಾರಿ ವಾಚುಗಳ ನಂತರ ಮತ್ತೆ ಕೈಗೆ ಬಂದ ಡೈವ್ ವಾಚು. ಪದೇ ಪದೇ ಕೇಳುವ ಪ್ರಶ್ನೆಗಳು

ಜುಲೈನಿಂದ ನನ್ನ ಕೈಯಲ್ಲಿ ಇರುವುದು ಒಂದೇ ವಾಚು. ವಾಚಿನ ಹುಚ್ಚಿರುವ ಗೆಳೆಯರು, ಆಫೀಸಿನವರು, ಮನೆಗೆ ಬಂದ ನೆಂಟರು ಎಲ್ಲರೂ ಅದನ್ನು ನೋಡಿ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲ ಉತ್ತರ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಯಾವ ವಾಚು?

ಸೀಕೋ ಎಸ್‌ಕೆಎಕ್ಸ್007. ಸಮುದ್ರದೊಳಗೆ ಇಳಿಯುವವರಿಗೆ ಅಂತ ಮಾಡಿದ ಡೈವ್ ವಾಚು. ಸೀಕೋ ಜಪಾನಿನ ಕಂಪನಿ. ಈ ಮಾಡೆಲ್ 1996ರಲ್ಲಿ ಬಂತು, 2019ರ ಹೊತ್ತಿಗೆ ನಿಂತುಹೋಯಿತು. ಕಪ್ಪು ಡಯಲ್, ದಪ್ಪ ದಪ್ಪ ಗುಂಡು ಗುರುತುಗಳು, ಸುತ್ತ ತಿರುಗುವ ಉಂಗುರ. ಕೀ ಮಾಮೂಲಿ ವಾಚಿನ ಹಾಗೆ 3 ಗಂಟೆಯ ಎದುರಿಗಿಲ್ಲ, 4 ಗಂಟೆಯ ಕಡೆ ಇದೆ. ಹಾಗಾಗಿ ಕೈ ಮಡಚಿದಾಗ ಮುಂಗೈಗೆ ಒತ್ತುವುದಿಲ್ಲ. ಅಗಲ 42.5 ಮಿಲಿಮೀಟರ್, 200 ಮೀಟರ್ ಆಳದ ನೀರಿಗೆ ಲೆಕ್ಕ ಹಾಕಿ ಮಾಡಿದ್ದು. ವಾರ, ತಾರೀಕು ಎರಡೂ ಇದೆ. ನಮ್ಮ ಗೋಡೆ ಕ್ಯಾಲೆಂಡರಿನ ಹಾಗೆ ಭಾನುವಾರ ಕೆಂಪು ಅಕ್ಷರದಲ್ಲಿ ಬರುತ್ತದೆ, ಶನಿವಾರ ನೀಲಿ.

ಇದರ ತಮ್ಮಂದಿರೂ ಇದ್ದಾರೆ. ಉಂಗುರ ನೀಲಿ ಕೆಂಪು ಇದ್ದರೆ ಅದು 009. ಅಳತೆ ಸಣ್ಣದು, 38 ಮಿಲಿಮೀಟರ್ ಆಸುಪಾಸು ಇದ್ದರೆ 013. ಸಣ್ಣ ಮಣಿಕಟ್ಟಿನವರು ಹುಡುಕಬೇಕಾದದ್ದು 013ನ್ನು.

ಅಷ್ಟು ದುಬಾರಿ ವಾಚುಗಳಿದ್ದೂ ಇದನ್ನೇ ಯಾಕೆ ಹಾಕಿಕೊಳ್ಳುತ್ತೀರಿ?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಈ ವಾಚನ್ನು ಕೊಂಡದ್ದು 2008ರಲ್ಲಿ. ನನ್ನ ದುಡ್ಡಲ್ಲಿ ತಗೊಂಡ ಮೊದಲ ಒಳ್ಳೆ ವಾಚು ಇದೇ. ಎರಡು ಮೂರು ವರ್ಷ ಬಿಡದೆ ಹಾಕಿದೆ. ಆಮೇಲೆ ಓದೋಕೆ ಶುರು ಮಾಡಿದೆ. ಸ್ವಿಸ್ ಅಂದರೆ ಏನು, ಸಫೈರ್ ಗಾಜು ಅಂದರೆ ಏನು, ಕ್ರೋನೋಮೀಟರ್ ಅಂದರೆ ಏನು ಅಂತ ತಿಳಿಯುತ್ತಾ ಹೋದ ಹಾಗೆ ಆಸೆಯೂ ಮೇಲೆ ಹೋಯಿತು. ಒಂದು ಕೊಂಡರೆ ಅದಕ್ಕಿಂತ ಸ್ವಲ್ಪ ಮೇಲಿನದು ಕಾಣುತ್ತಿತ್ತು. ಇದ್ದದ್ದನ್ನು ಮಾರಿ, ಮೇಲಷ್ಟು ದುಡ್ಡು ಹಾಕಿ ಅದನ್ನು ತಗೊಳ್ಳುತ್ತಿದ್ದೆ. ಹತ್ತು ವರ್ಷಕ್ಕೂ ಜಾಸ್ತಿ ಹೀಗೇ ನಡೆಯಿತು. ಕೊನೆಗೆ ನನ್ನ ಹತ್ತಿರ ಐದು ವಾಚು ಉಳಿದವು. ಅದರಲ್ಲಿ ಮೂರು ಬ್ಯಾಂಕ್ ಲಾಕರಿನಲ್ಲಿ. ವಾಚನ್ನು ಕೊಂಡು ಬ್ಯಾಂಕಿನಲ್ಲಿ ಇಟ್ಟಿದ್ದೇನೆ ಅನ್ನೋದು ನನಗೆ ವಿಚಿತ್ರ ಅಂತ ಅನಿಸಿದ್ದೇ ಬಹಳ ತಡವಾಗಿ.

ಹಾಕಿಕೊಂಡ ದಿನವೂ ಮನಸ್ಸು ನಿರಾಳ ಇರುತ್ತಿರಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿಯುವಾಗ ಇನ್ನೊಂದು ಕೈ ಬಳಸುತ್ತಿದ್ದೆ. ಮದುವೆ ಊಟಕ್ಕೆ ಕೂತರೆ ತೋಳು ಕೆಳಗೆ ಎಳೆದುಕೊಳ್ಳುತ್ತಿದ್ದೆ. ಒಂದು ವಾಚನ್ನು ಸರ್ವಿಸಿಗೆ ಕೊಟ್ಟೆ. ಅದು ವಾಪಸ್ ಬಂದದ್ದು ಐದು ತಿಂಗಳ ಮೇಲೆ. ಬಿಲ್ಲಿನ ಮೊತ್ತ ಈ ಸೀಕೋಗೆ ನಾನು ಕೊಟ್ಟ ಬೆಲೆಯ ಮೂರು ಪಟ್ಟು ಹತ್ತಿರ ಇತ್ತು.

ಕಳೆದ ಜುಲೈನಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಹೋಗಬೇಕಾಯಿತು. ಮಳೆ ಜೋರು, ಅಡಿಕೆ ತೋಟದ ಬಸಿಗಾಲುವೆ ಕಟ್ಟಿಕೊಂಡಿತ್ತು. ಅಂಥ ಕಡೆಗೆ ಲಕ್ಷದ ವಾಚು ಕಟ್ಟಿಕೊಂಡು ಹೋಗೋಕಾಗುತ್ತಾ? ಬೀರು ಹುಡುಕಿದೆ. ಹಳೇ ಜ್ಯಾಮಿಟ್ರಿ ಬಾಕ್ಸಿನೊಳಗೆ, ಕೆಲಸಕ್ಕೆ ಬಾರದ ಕೀಗಳ ಜತೆ ಇದು ಬಿದ್ದಿತ್ತು. ಎಷ್ಟೋ ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಕೈಗೆತ್ತಿಕೊಂಡು ಎರಡು ಸಲ ಮೆಲ್ಲಗೆ ಅಲ್ಲಾಡಿಸಿದೆ. ಸೆಕೆಂಡ್ ಮುಳ್ಳು ಒಂದು ಸಲ ನಡುಗಿತು, ಆಮೇಲೆ ನಡೆಯೋಕೆ ಶುರು ಮಾಡಿತು. ನಾನು ಬೀರುವಿನ ಮುಂದೆ ನೆಲದ ಮೇಲೇ ಕೂತು ಅದನ್ನೇ ನೋಡಿದೆ.

ಊರಿಗೆ ಹೋಗುವ ಮೊದಲು ನಮ್ಮ ಬೀದಿಯ ವಾಚ್ ರಿಪೇರಿಯವರ ಹತ್ತಿರ ವಾಷರ್ ಬದಲಾಯಿಸಿಕೊಂಡೆ. ನಾಲ್ಕು ದಿನ ಗುದ್ದಲಿ ಹಿಡಿದೆ, ಕೆಸರಿನಲ್ಲಿ ಮೊಣಕೈವರೆಗೂ ಕೈ ಇಟ್ಟೆ. ಸಂಜೆ ಹಂಡೆಯ ಪಕ್ಕ ನಿಂತು ತಣ್ಣೀರಿನಲ್ಲಿ ವಾಚನ್ನು ತೊಳೆದೆ. ಆ ನಾಲ್ಕು ದಿನದಲ್ಲಿ ನಾನು ವಾಚು ನೋಡಿದ್ದು ಗಂಟೆ ಎಷ್ಟಾಯಿತು ಅಂತ ತಿಳಿಯೋಕೆ ಮಾತ್ರ. ಗೀರು ಬಿತ್ತಾ ಅಂತ ಒಂದು ಸಲವೂ ನೋಡಲಿಲ್ಲ. ಬೆಂಗಳೂರಿಗೆ ಬಂದ ಮೇಲೂ ಬಿಚ್ಚಬೇಕು ಅನಿಸಲಿಲ್ಲ.

ಹಾಗಾದರೆ ದುಬಾರಿ ವಾಚುಗಳೆಲ್ಲ ದಂಡ ಅಂತೀರಾ?

ಇಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಒಳ್ಳೆ ಸ್ವಿಸ್ ವಾಚಿನ ಡಯಲ್ಲನ್ನು ಭೂತಗನ್ನಡಿಯಲ್ಲಿ ನೋಡಿ. ಮುಳ್ಳಿನ ಅಂಚು, ಅಕ್ಷರದ ಮುದ್ರಣ, ಲೋಹದ ಮೇಲಿನ ಹೊಳಪು ಎಲ್ಲೂ ಕೈ ತಪ್ಪಿರುವುದಿಲ್ಲ. ಆ ಕೆಲಸಕ್ಕೆ ಬೆಲೆ ಇದೆ. 1953ರಲ್ಲಿ ಬ್ಲಾಂಪ್ಯಾನಿನ ಫಿಫ್ಟಿ ಫ್ಯಾದಮ್ಸ್, ಅದೇ ಕಾಲಕ್ಕೆ ರೋಲೆಕ್ಸಿನ ಸಬ್‌ಮರೀನರ್ ಬರದೇ ಇದ್ದರೆ ಈ ಸೀಕೋ ಕೂಡ ಹೀಗಿರುತ್ತಿರಲಿಲ್ಲ. ಕಪ್ಪು ಡಯಲ್, ಹೊಳೆಯುವ ಗುರುತು, ತಿರುಗುವ ಉಂಗುರ, ಎಲ್ಲ ಆ ಹಿರಿಯರಿಂದ ಬಂದದ್ದು.

ಆದರೆ ನನ್ನ ವಿಷಯದಲ್ಲಿ ಆದದ್ದು ಇಷ್ಟು: ಬೆಲೆ ಏರಿದ ಹಾಗೆ ನಾನು ವಾಚನ್ನು ಹಾಕಿಕೊಳ್ಳುವುದು ಕಡಿಮೆಯಾಯಿತು. ಈಗ ಲಾಕರಿನಲ್ಲಿದ್ದ ಮೂರರಲ್ಲಿ ಎರಡನ್ನು ಮಾರಿದ್ದೇನೆ. ಒಂದನ್ನು ಉಳಿಸಿಕೊಂಡು ಮನೆಗೆ ತಂದಿದ್ದೇನೆ, ಹಬ್ಬ ಮದುವೆಗೆ ಅದೇ.

ವಾಟರ್ ರೆಸಿಸ್ಟೆಂಟ್ ಅಂತ ಬರೆದ ವಾಚೆಲ್ಲ ಡೈವ್ ವಾಚೇ ಅಲ್ವಾ?

ಅಲ್ಲ. ತುಂಬಾ ಜನ ವಾಚು ಹಾಳು ಮಾಡಿಕೊಳ್ಳುವುದು ಇಲ್ಲೇ.

ಹಿಂದೆ 30 ಮೀಟರ್ ಅಂತ ಬರೆದಿದ್ದರೆ 30 ಮೀಟರ್ ಆಳಕ್ಕೆ ಹೋಗಬಹುದು ಅಂತ ಅರ್ಥ ಅಲ್ಲ. ಕೈ ತೊಳೆಯುವಾಗ ಸಿಡಿಯುವ ನೀರು, ಸಣ್ಣ ಮಳೆ, ಅಷ್ಟಕ್ಕೆ ಸಾಕು. ಈಜೋಕೆ ಕನಿಷ್ಠ 100 ಮೀಟರ್ ಬರಹ ಇರಲಿ ಅನ್ನೋದು ನನ್ನ ಲೆಕ್ಕ.

ಡೈವ್ ವಾಚಿಗೆ ಬೇರೆಯೇ ಅಂತರರಾಷ್ಟ್ರೀಯ ಅಳತೆಗೋಲು ಇದೆ. ಅದರ ಹೆಸರು ಐಎಸ್‌ಒ 6425. ಡಯಲ್ ಮೇಲೆ ಸುಮ್ನೆ 200 ಮೀಟರ್ ಅಂತಿಲ್ಲದೆ 'ಡೈವರ್ಸ್ 200 ಮೀಟರ್' ಅಂತ ಇದ್ದರೆ ಆ ಪರೀಕ್ಷೆಗಳ ಮಾತು ಬರುತ್ತದೆ. ಬರೆದ ಆಳಕ್ಕಿಂತ ಕಾಲು ಭಾಗ ಜಾಸ್ತಿ ಒತ್ತಡ ಕೊಟ್ಟು ನೋಡುತ್ತಾರೆ. ಅಂದರೆ 200 ಮೀಟರಿನ ವಾಚಿಗೆ 250 ಮೀಟರಿನ ಒತ್ತಡ. ಉಪ್ಪು ನೀರಿನಲ್ಲಿ ಮುಳುಗಿಸಿಡುತ್ತಾರೆ. ಅಯಸ್ಕಾಂತದ ಹತ್ತಿರ ಇಡುತ್ತಾರೆ. ಪೆಟ್ಟು ಕೊಡುತ್ತಾರೆ. ಕಗ್ಗತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಟೈಮ್ ಕಾಣಬೇಕು, ವಾಚು ನಡೆಯುತ್ತಿದೆ ಅನ್ನೋದೂ ಕಾಣಬೇಕು. ಸೆಕೆಂಡ್ ಮುಳ್ಳಿನ ಮೇಲೆ ಹೊಳೆಯುವ ಚುಕ್ಕಿ ಇರುವುದು ಇದಕ್ಕೇ.

ಎಸ್‌ಕೆಎಕ್ಸ್ ಈ ಪರೀಕ್ಷೆಗಳ ವಾಚು. ಹೊಸದರಲ್ಲಿ ಹೊರದೇಶದಲ್ಲಿ ಸುಮಾರು 200 ಡಾಲರಿಗೆ ಸಿಗುತ್ತಿತ್ತು. ಆ ಬೆಲೆಗೆ ಇಷ್ಟು ಕೊಟ್ಟಿದ್ದಕ್ಕೇ ಜಗತ್ತಿನ ಎಷ್ಟೋ ಸಂಗ್ರಹಕಾರರ ಮೊದಲ ವಾಚು ಇದಾಯಿತು.

ಆ ಉಂಗುರ ಒಂದೇ ಕಡೆಗೆ ಯಾಕೆ ತಿರುಗುತ್ತದೆ?

ಅದನ್ನು ಬೆಜಲ್ ಅನ್ನುತ್ತಾರೆ. ಎಡಕ್ಕೆ ಮಾತ್ರ ತಿರುಗುತ್ತದೆ, ಒಂದು ಸುತ್ತಿಗೆ 120 ಟಕ್ ಟಕ್. ನೀರಿಗೆ ಇಳಿಯುವಾಗ ಉಂಗುರದ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರಿಗೆ ತಂದು ನಿಲ್ಲಿಸುತ್ತಾರೆ. ಆಮೇಲೆ ಆ ಮುಳ್ಳು ಉಂಗುರದ ಯಾವ ಅಂಕಿಯ ಎದುರಿಗಿದೆಯೋ ಅಷ್ಟು ನಿಮಿಷ ಕಳೆದಿದೆ. ಲೆಕ್ಕ ಹಾಕೋದೇ ಬೇಡ.

ಡೈವ್ ಮಾಡುವವನ ಬೆನ್ನಿನ ಸಿಲಿಂಡರಿನಲ್ಲಿ ಇರುವುದು ಅಳತೆಯ ಗಾಳಿ. ಉಂಗುರ ಬಂಡೆಗೆ ತಗುಲಿ ಜಾರಿತು ಅಂದುಕೊಳ್ಳಿ. ಎರಡೂ ಕಡೆ ತಿರುಗುವಂತಿದ್ದರೆ ಕಳೆದ ಸಮಯ ಕಡಿಮೆ ತೋರಿಸಬಹುದು, ಇನ್ನೂ ಟೈಮಿದೆ ಅಂತ ನೀರಿಗೆ ಇಳಿದವನು ಒಳಗೇ ಉಳಿಯಬಹುದು. ಒಂದೇ ಕಡೆ ತಿರುಗಿದರೆ ತಪ್ಪಾದರೂ ಜಾಸ್ತಿ ಸಮಯವನ್ನೇ ತೋರಿಸುತ್ತದೆ. ಬೇಗ ಮೇಲೆ ಬರುತ್ತಾನೆ, ಅಷ್ಟೇ.

ನಾನು ದಿನಾ ಬೆಳಿಗ್ಗೆ ಇದನ್ನು ಫಿಲ್ಟರಿಗೆ ಬಿಸಿನೀರು ಹಾಕಿದ ಕೂಡಲೇ ತಿರುಗಿಸುತ್ತೇನೆ. ನಮ್ಮ ಮನೆಯ ಪುಡಿಗೆ ಡಿಕಾಕ್ಷನ್ ಇಳಿಯೋಕೆ 15 ನಿಮಿಷ ಬೇಕು. ಪೇಪರ್ ಓದುತ್ತಾ ಒಂದು ಸಲ ಕೈ ನೋಡಿದರೆ ಸಾಕು. ಮೊಬೈಲಿನಲ್ಲೂ ಟೈಮರ್ ಇದೆ ನಿಜ. ಆದರೆ ಮೊಬೈಲ್ ಎತ್ತಿದರೆ ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ, ಕಾಫಿ ಆರುತ್ತದೆ.

ನೀವು ನಿಜವಾಗಿ ಸಮುದ್ರದೊಳಗೆ ಹಾಕಿಕೊಂಡು ಹೋಗಿದ್ದೀರಾ?

ಒಂದು ಸಲ, 2010ರಲ್ಲಿ. ಮುರುಡೇಶ್ವರದಿಂದ ದೋಣಿಯಲ್ಲಿ ಹೊರಟು ನೇತ್ರಾಣಿ ದ್ವೀಪದ ಹತ್ತಿರ. ದಡದಿಂದ ಸುಮಾರು 19 ಕಿಲೋಮೀಟರ್. ಮಳೆಗಾಲದಲ್ಲಿ ಅಲ್ಲಿಗೆ ಬಿಡುವುದಿಲ್ಲ, ಮಳೆ ಮುಗಿದ ಮೇಲೆ ನೀರು ತಿಳಿಯಾದಾಗ ಹೋಗಬೇಕು. ನನ್ನದು ಹೊಸಬರಿಗೆ ಮಾಡಿಸುವ ಡೈವ್. ಜತೆಗೆ ಕಲಿಸುವವರು ಇದ್ದೇ ಇರುತ್ತಾರೆ. 12 ಮೀಟರಿಗಿಂತ ಕೆಳಗೆ ಕರೆದುಕೊಂಡು ಹೋಗುವುದಿಲ್ಲ.

ಆ ಆಳಕ್ಕೆ ಹೋಗುವಷ್ಟರಲ್ಲಿ ಕೆಂಪು ಬಣ್ಣ ಮಂಕಾಗಿ ಎಲ್ಲ ನೀಲಿ ಹಸಿರು ಕಾಣುತ್ತದೆ. ಕಿವಿ ಒತ್ತುತ್ತಿತ್ತು, ಉಸಿರಿನ ಗುಳ್ಳೆ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಸುಮ್ನೆ ಒಂದು ಸಲ ಕೈ ನೋಡಿದೆ. ಡಯಲ್ ಮೇಲಿನ ಗುಂಡು ಗುರುತುಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟ ಇದ್ದವು. ಆ ಗುರುತುಗಳು ಯಾಕೆ ಅಷ್ಟು ದಪ್ಪ ಅಂತ ನನಗೆ ತಿಳಿದದ್ದು ಆಗ.

ಈಗ ಡೈವ್ ಮಾಡುವವರು ಮುಖ್ಯವಾಗಿ ನಂಬುವುದು ಆಳ, ಸಮಯ ಲೆಕ್ಕ ಹಾಕಿ ತೋರಿಸುವ, ಕೈಗೆ ಕಟ್ಟುವ ಡೈವ್ ಕಂಪ್ಯೂಟರನ್ನು. ವಾಚು ಜತೆಗಿದ್ದರೆ ಒಳ್ಳೆಯದು, ಅದರ ಬದಲಿಗೆ ಅಲ್ಲ.

ಸೆಲ್ಲು ಎಷ್ಟು ವರ್ಷಕ್ಕೆ ಬದಲಾಯಿಸಬೇಕು?

ಇದಕ್ಕೆ ಸೆಲ್ಲೇ ಇಲ್ಲ. ಕೈ ಆಡಿದ ಹಾಗೆ ಒಳಗೆ ಅರ್ಧಚಂದ್ರದ ಆಕಾರದ ಒಂದು ಭಾರದ ತಟ್ಟೆ ತಿರುಗುತ್ತದೆ. ಅದು ಸ್ಪ್ರಿಂಗನ್ನು ಸುತ್ತುತ್ತದೆ. ತಟ್ಟೆ ಯಾವ ಕಡೆ ತಿರುಗಿದರೂ ಸ್ಪ್ರಿಂಗ್ ಸುತ್ತುವಂತೆ ಮಾಡುವ ಒಂದು ಕವಲು ಕಡ್ಡಿಯನ್ನು ಸೀಕೋ 1959ರಲ್ಲೇ ಕಂಡುಹಿಡಿಯಿತು. ಅದನ್ನು ಮ್ಯಾಜಿಕ್ ಲಿವರ್ ಅನ್ನುತ್ತಾರೆ. ತುಂಬಾ ಸರಳ, ಅದಕ್ಕೇ ಕೆಡುವುದು ಕಡಿಮೆ.

ಯಂತ್ರದ ಹೆಸರು 7ಎಸ್26. ಪೂರ್ತಿ ಸುತ್ತಿಕೊಂಡರೆ ಬಿಚ್ಚಿಟ್ಟ ಮೇಲೂ 40 ಗಂಟೆ ಹತ್ತಿರ ನಡೆಯುತ್ತದೆ. ಇದರಲ್ಲಿ ಎರಡು ಕೊರತೆ ಇದೆ. ಒಂದು, ಕೀ ತಿರುಗಿಸಿ ಸುತ್ತೋಕೆ ಬರುವುದಿಲ್ಲ, ಅಲ್ಲಾಡಿಸಿಯೇ ಎಬ್ಬಿಸಬೇಕು. ಇನ್ನೊಂದು, ಟೈಮ್ ಇಡುವಾಗ ಕೀ ಎಳೆದರೂ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ. ಸೆಕೆಂಡು ಸೆಕೆಂಡಿಗೆ ಸರಿಯಾಗಿ ಇಡಬೇಕು ಅನ್ನುವವರು ಎಳೆದ ಕೀಯನ್ನು ಹಿಂದಕ್ಕೆ ಬಹಳ ಮೆಲ್ಲಗೆ ತಿರುಗಿಸಿ ಹಿಡಿದು ಮುಳ್ಳನ್ನು ತಡೆಯುತ್ತಾರೆ. ಕೈ ಹಗುರ ಇದ್ದರೆ ಮಾತ್ರ ಮಾಡಿ.

ಟೈಮ್ ಸರಿಯಾಗಿ ತೋರಿಸುತ್ತದಾ?

ನನ್ನದು ದಿನಕ್ಕೆ 11, 12 ಸೆಕೆಂಡ್ ಮುಂದೆ ಹೋಗುತ್ತದೆ. ಕಂಪನಿಯೇ ಹೇಳಿದ ಮಿತಿ ದಿನಕ್ಕೆ 20 ಸೆಕೆಂಡ್ ಹಿಂದೆ, 40 ಸೆಕೆಂಡ್ ಮುಂದೆ. ಹಾಗಾಗಿ ಇದು ಒಳ್ಳೆಯ ನಡಿಗೆ. ಭಾನುವಾರ ಒಂದು ನಿಮಿಷ ಹಿಂದಕ್ಕೆ ಇಡುತ್ತೇನೆ.

ತೀರಾ ಜಾಸ್ತಿ ಓಡುತ್ತಿದ್ದರೆ ಮೊದಲು ಅಯಸ್ಕಾಂತ ಹಿಡಿದಿದೆಯಾ ನೋಡಿಸಿ. ಸ್ಪೀಕರ್, ಟ್ಯಾಬಿನ ಕವರ್, ಫ್ರಿಜ್ ಬಾಗಿಲು ಎಲ್ಲದರಲ್ಲೂ ಅಯಸ್ಕಾಂತ ಇದೆ. ತೆಗೆಸೋಕೆ ಒಂದು ನಿಮಿಷದ ಕೆಲಸ. ಅದಲ್ಲದಿದ್ದರೆ ಒಳಗಿನ ಸಣ್ಣ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರೆ ಸರಿಹೋಗುತ್ತದೆ. ಅಭ್ಯಾಸ ಇರುವ ರಿಪೇರಿಯವರು ಎದುರಿಗೇ ಮಾಡಿಕೊಡುತ್ತಾರೆ.

ರಬ್ಬರ್ ಬೆಲ್ಟ್ ಮೇಲೆ ಏನೋ ಅಂಕಿಗಳಿವೆ, ಏನದು?

ಎಷ್ಟು ಆಳದಲ್ಲಿ ಎಷ್ಟು ನಿಮಿಷ ಇದ್ದರೆ ನಡುವೆ ನಿಲ್ಲದೆ ನೇರ ಮೇಲೆ ಬರಬಹುದು ಅನ್ನುವ ಪಟ್ಟಿ. ಆಳದಲ್ಲಿ ಜಾಸ್ತಿ ಹೊತ್ತು ಇದ್ದರೆ ರಕ್ತದಲ್ಲಿ ಸಾರಜನಕ ಕರಗಿಕೊಳ್ಳುತ್ತದೆ, ಅವಸರದಲ್ಲಿ ಮೇಲೆ ಬಂದರೆ ಗುಳ್ಳೆಯಾಗಿ ಅಪಾಯ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಈ ಪಟ್ಟಿ ಕೈಯಲ್ಲೇ ಇರಲಿ ಅಂತ ಬೆಲ್ಟಿಗೇ ಅಚ್ಚು ಹಾಕಿದರು. ಈಗ ಅದನ್ನು ನಂಬಿ ಮುಳುಗಬೇಡಿ. ಆದರೂ ಆ ಬೆಲ್ಟ್ ಬಿಸಾಡೋಕೆ ನನಗೆ ಮನಸ್ಸಿಲ್ಲ.

ಸೀಕೋ ಬೆಲ್ಟಿನ ಸುಕ್ಕು ಸುಕ್ಕು ಅಲೆಗಳಿಗೂ ಕಾರಣ ಇದೆ. 1968ರಲ್ಲಿ ಹಿರೋಶಿಮಾ ಪ್ರಾಂತ್ಯದ ಕುರೆ ಊರಿನ ಒಬ್ಬ ವೃತ್ತಿಪರ ಡೈವರ್ ಸೀಕೋಗೆ ಕಾಗದ ಬರೆದ. ತಾವು ಇಳಿಯುವ ಆಳಕ್ಕೆ ಯಾವ ವಾಚೂ ತಡೆಯುತ್ತಿಲ್ಲ ಅಂತ. ಆ ಕಾಗದವನ್ನು ಕಂಪನಿ ಪಕ್ಕಕ್ಕೆ ಇಡಲಿಲ್ಲ. ಇಕುವೋ ತೊಕುನಾಗ ಅನ್ನುವ ಎಂಜಿನಿಯರ್ ತಂಡದ ಜತೆ ಏಳು ವರ್ಷ ಕೂತು, 1975ರಲ್ಲಿ ಟೈಟಾನಿಯಂ ಕವಚದ 600 ಮೀಟರ್ ವಾಚು ತಂದರು. ಆಳಕ್ಕೆ ಹೋದಂತೆ ಡೈವರ್ ಹಾಕಿದ ರಬ್ಬರ್ ಉಡುಪು ಒತ್ತಡಕ್ಕೆ ತೆಳ್ಳಗಾಗುತ್ತದೆ, ಬೆಲ್ಟ್ ಸಡಿಲವಾಗುತ್ತದೆ. ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿ ಕುಗ್ಗುವ ಬೆಲ್ಟ್ ಅದಕ್ಕೇ ಹುಟ್ಟಿದ್ದು. ಆ ವಾಚಿನ ಬೆಲೆ ನಮ್ಮಂಥವರದ್ದಲ್ಲ. ಆದರೆ ಆ ಕಾಗದಕ್ಕೆ ಕೊಟ್ಟ ಗಮನ ಕಡಿಮೆ ಬೆಲೆಯ ಸೀಕೋ ಡೈವರುಗಳಿಗೂ ಇಳಿದು ಬಂತು ಅಂತ ನಾನು ನಂಬುತ್ತೇನೆ.

ನಾನು ದಿನಾ ಹಾಕುವುದು ಬಟ್ಟೆಯ ನೈಲಾನ್ ಬೆಲ್ಟ್. 22 ಮಿಲಿಮೀಟರಿನ ಯಾವ ಬೆಲ್ಟಾದರೂ ಕೂರುತ್ತದೆ. ಬೇಸಿಗೆಯಲ್ಲಿ ರಬ್ಬರಿನ ಅಡಿ ಬೆವರು ನಿಲ್ಲುತ್ತದೆ, ನೈಲಾನ್ ಆದರೆ ತೊಳೆದು ಒಣಹಾಕಬಹುದು.

ರಾತ್ರಿ ಕಾಣುತ್ತದಾ?

ಬೆಳಗಿನ ಜಾವ ನಾಲ್ಕಕ್ಕೂ ಕಾಣುತ್ತದೆ. ಲ್ಯೂಮಿಬ್ರೈಟ್ ಅನ್ನುವ ಬಣ್ಣ, ಬೆಳಕು ಕುಡಿದು ಆಮೇಲೆ ಬಿಡುತ್ತದೆ. ಹಳೇ ಕಾಲದ ರೇಡಿಯಂ ಅಲ್ಲ, ವಿಕಿರಣ ಇಲ್ಲ. ಒಂದು ವಿಷಯ ಗೊತ್ತಿರಲಿ. ಸೆಕೆಂಡ್ ಮುಳ್ಳಿನ ಹೊಳೆಯುವ ಚುಕ್ಕಿ ಅದರ ತುದಿಯಲ್ಲಿಲ್ಲ, ಬಾಲದಲ್ಲಿದೆ. ಕತ್ತಲಲ್ಲಿ ನಿಮಗೆ ಕಾಣುವುದು ಬಾಲ.

ಗಾಜಿಗೆ ಗೀರು ಬೀಳುವುದಿಲ್ವಾ?

ಬೀಳುತ್ತದೆ. ಇದು ಹಾರ್ಡ್‌ಲೆಕ್ಸ್, ಸೀಕೋದ ಗಟ್ಟಿ ಮಾಡಿದ ಗಾಜು. ಸಫೈರಿನಷ್ಟು ಗೀರು ತಡೆಯುವುದಿಲ್ಲ. ಆದರೆ ಪೆಟ್ಟು ಬಿದ್ದಾಗ ಸಫೈರ್ ಒಡೆಯುವಷ್ಟು ಸುಲಭಕ್ಕೆ ಇದು ಒಡೆಯುವುದಿಲ್ಲ. ನನ್ನ ವಾಚಿನಲ್ಲಿ 2 ಗಂಟೆ ಹತ್ತಿರ ಒಂದು ಉದ್ದ ಗೀರಿದೆ, ಮನೆಯ ಕಬ್ಬಿಣದ ಗೇಟಿನದು. 7 ಗಂಟೆಯ ಕಡೆ ಬೆಲ್ಟಿನ ಕಿವಿ ಸ್ವಲ್ಪ ಜಜ್ಜಿದೆ. ಅದು ಸ್ಕೂಟರಿನಿಂದ ಬಿದ್ದ ದಿನದ್ದು. ಪಾಲಿಶ್ ಮಾಡಿಸಿಕೊಡಲಾ ಅಂತ ಕೇಳಿದರು, ಬೇಡ ಅಂದೆ.

ನಮ್ಮ ಎಚ್‌ಎಂಟಿ ಇರುವಾಗ ಜಪಾನಿನದು ಯಾಕೆ?

ಎಚ್‌ಎಂಟಿ ಬಗ್ಗೆ ನನಗೆ ಇರುವ ಪ್ರೀತಿ ಇದಕ್ಕಿಂತ ಹಳೆಯದು. ಅಪ್ಪನ ಕೈಯಲ್ಲಿ ಇದ್ದದ್ದು ಜನತಾ. ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ ಶುರುವಾಗುವ ಹೊತ್ತಿಗೆ ಕೀ ಕೊಡುತ್ತಿದ್ದರು. ಆ ಕರ್ ಕರ್ ಸದ್ದು ನಿಂತರೆ ನಾನು ಸ್ಕೂಲಿಗೆ ಹೊರಡಬೇಕು ಅಂತ ಲೆಕ್ಕ. ಆದರೆ ಜನತಾ ನೀರಿಗೆ ಇಳಿಯುವ ವಾಚಲ್ಲ, ಕೈ ತೊಳೆಯುವಾಗಲೂ ಅಪ್ಪ ಬಿಚ್ಚಿಡುತ್ತಿದ್ದರು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಹಾಗಾಗಿ ಜಪಾನಿನ ಗಡಿಯಾರದ ಕೆಲಸ ನಮ್ಮ ಮನೆಗಳಿಗೆ ಹೊಸದಲ್ಲ, ಜಾಲಹಳ್ಳಿಯ ದಾರಿಯಲ್ಲೇ ಬಂದಿದೆ. ಜಾಲಹಳ್ಳಿಯಲ್ಲಿ ಈಗ ಎಚ್‌ಎಂಟಿ ಪರಂಪರೆಯ ಮ್ಯೂಸಿಯಂ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ.

ಎಸ್‌ಕೆಎಕ್ಸ್ ಈಗಲೂ ಹೊಸದು ಸಿಗುತ್ತದಾ?

ತಯಾರಿಕೆ ನಿಂತಿದೆ. ಎಲ್ಲೋ ಉಳಿದ ಹೊಸ ಮಾಲಿಗೆ, ಚೆನ್ನಾಗಿರುವ ಹಳೆಯದಕ್ಕೂ ಹಿಂದಿನ ಅಂಗಡಿ ಬೆಲೆಗಿಂತ ಜಾಸ್ತಿ ಕೇಳುತ್ತಾರೆ. ಆ ಬೆಲೆಗೆ ನಾನಂತೂ ಕೊಳ್ಳಿ ಅನ್ನುವುದಿಲ್ಲ.

2019ರಲ್ಲಿ ಇದೇ ರೂಪದಲ್ಲಿ ಸೀಕೋ 5 ಸ್ಪೋರ್ಟ್ಸ್ ಬಂತು. ಯಂತ್ರ 4ಆರ್36, ಮೇಲೆ ಹೇಳಿದ ಎರಡೂ ಕೊರತೆ ಅದರಲ್ಲಿಲ್ಲ. ಆದರೆ 100 ಮೀಟರ್ ಮಾತ್ರ, ಕೀ ಇದರ ಹಾಗೆ ತಿರುಪಿ ಬಿಗಿ ಮಾಡುವಂಥದ್ದಲ್ಲ, ಡೈವರ್ ಅನ್ನುವ ಹೆಸರೂ ಇಲ್ಲ. ಆಫೀಸಿಗೆ, ಮಳೆಗೆ, ಈಜುಕೊಳಕ್ಕೆ ಸಾಕು.

ನಿಜವಾದ ಡೈವ್ ವಾಚೇ ಬೇಕು ಅಂದರೆ ನಾನು ಮೊದಲು ತೋರಿಸುವುದು ಸಿಟಿಜನ್ ಪ್ರೊಮಾಸ್ಟರ್. ಬೆಳಕಿನಿಂದ ನಡೆಯುವ ಇಕೋ ಡ್ರೈವ್ ತಗೊಂಡರೆ ಸೆಲ್ಲಿನ ಚಿಂತೆ ಇಲ್ಲ. ಆಟೋಮ್ಯಾಟಿಕ್ ಎನ್‌ವೈ0040ರಲ್ಲಿ ಕೀ 8 ಗಂಟೆಯ ಕಡೆ ಇದೆ, ನೋಡೋಕೆ ವಿಚಿತ್ರ, ಹಾಕಿಕೊಂಡರೆ ಹಾಯಾಗಿರುತ್ತದೆ. ಸ್ವಲ್ಪ ಜಾಸ್ತಿ ದುಡ್ಡಿದ್ದರೆ ಸೀಕೋ ಟರ್ಟಲ್. ತೀರಾ ಕಡಿಮೆಯಲ್ಲಿ ಬೇಕು ಅಂದರೆ ಕ್ಯಾಸಿಯೋ ಡ್ಯೂರೋ. ಸೆಲ್ಲಿನ ವಾಚು, 200 ಮೀಟರ್, ತಿರುಪಿನ ಕೀ, ಡಯಲ್ ಮೇಲೆ ಮಾರ್ಲಿನ್ ಮೀನು. ಆ ಬೆಲೆಗೆ ಅದರ ಮುಂದೆ ನಿಲ್ಲುವುದು ಬೇರೊಂದಿಲ್ಲ.

ರಷ್ಯಾದ ವೊಸ್ತೋಕ್ ಆಂಫಿಬಿಯಾ ಬಗ್ಗೆಯೂ ಹೇಳಬೇಕು. 1967ರಿಂದ ಇದೆ. ಅದರ ಹಿಂಬದಿಯ ಮುಚ್ಚಳ ನೀರಿನ ಒತ್ತಡ ಜಾಸ್ತಿಯಾದಷ್ಟೂ ಇನ್ನೂ ಬಿಗಿಯಾಗಿ ಕೂರುವ ಹಾಗೆ ಮಾಡಿದ್ದಾರೆ. ಕೀ ಎಳೆದಾಗ ಲಡಲಡ ಅನ್ನುತ್ತದೆ, ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಹಾಗೇ ಇರಬೇಕು, ಪಕ್ಕದಿಂದ ಪೆಟ್ಟು ಬಿದ್ದರೆ ಒಳಗಿನ ಕಡ್ಡಿ ಬಾಗದಿರಲಿ ಅಂತ.

ಹಳೆಯದು ಕೊಳ್ಳುವಾಗ ಏನು ನೋಡಬೇಕು?

ಹಿಂಬದಿಯಲ್ಲಿ 7ಎಸ್26-0020 ಅಂತ ಇರಬೇಕು. 007ಕ್ಕೂ 009ಕ್ಕೂ ಇದೇ ಸಂಖ್ಯೆ. 013 ಆದರೆ 0030. ಡಯಲ್ಲಿನ ಕೆಳ ಅಂಚಿನಲ್ಲಿ ಭೂತಗನ್ನಡಿ ಹಿಡಿದರೆ ಸಣ್ಣ ಅಕ್ಷರದಲ್ಲಿ 7ಎಸ್26ರಿಂದ ಶುರುವಾಗುವ ಸಂಖ್ಯೆ ಕಾಣುತ್ತದೆ, ಕೊನೆಯ ಅಂಕಿ ಬೇರೆ ಇರಬಹುದು. 7ಎಸ್26 ಅಂತ ಇಲ್ಲದಿದ್ದರೆ ಯಾರೋ ಡಯಲ್ ಬದಲಾಯಿಸಿರಬಹುದು.

ಸೀರಿಯಲ್ ಸಂಖ್ಯೆಯ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರಿಗೆ ಸೊನ್ನೆ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ನನ್ನದು 79ರಿಂದ ಶುರು. 1997 ಇರಬಹುದು, 2017 ಇರಬಹುದು, ಆದರೆ ನಾನು ಕೊಂಡದ್ದು 2008ರಲ್ಲಿ. ಹಾಗಾಗಿ 2007ರ ಸೆಪ್ಟೆಂಬರ್.

ಮಾಡೆಲ್ ಹೆಸರಿನ ಕೊನೆಯಲ್ಲಿ ಜೆ ಅಕ್ಷರ ಇದ್ದದ್ದಕ್ಕೆ ಜಪಾನಿನದು ಅಂತ ಜಾಸ್ತಿ ದುಡ್ಡು ಕೇಳುತ್ತಾರೆ. ಡಯಲ್ ಮೇಲಿನ ಬರಹ ಬೇರೆ, ಒಳಗಿನ ಯಂತ್ರ ಅದೇ 7ಎಸ್26. ಕೆ ಇದ್ದರೂ ಕಣ್ಣು ಮುಚ್ಚಿ ತಗೊಳ್ಳಿ.

ಸುತ್ತಲ ಉಂಗುರ 12 ಗಂಟೆಗೆ ನೇರ ಕೂರದೆ ಕೂದಲೆಳೆ ಆಚೀಚೆ ಇರುವುದು ಈ ಮಾಡೆಲಿನ ಬಗ್ಗೆ ಎಲ್ಲರೂ ಹೇಳುವ ಮಾತು. ಅದಕ್ಕೆ ಹೆದರಬೇಡಿ. ಹೆದರಬೇಕಾದ್ದು ಹಳೇ ಸೀಕೋ 5ಗಳ ಹೆಸರಿನಲ್ಲಿ ಬಣ್ಣ ಬಳಿದು ಮಾರುವ ಡಯಲ್ಲುಗಳಿಗೆ. ತೀರಾ ಅಗ್ಗ, ತೀರಾ ಹೊಸದರಂತೆ ಹೊಳಪು, ಯಾವ ಕ್ಯಾಟಲಾಗಿನಲ್ಲೂ ಇಲ್ಲದ ಕಿತ್ತಳೆ, ನೇರಳೆ ಬಣ್ಣ. ಇವು ಕಂಡರೆ ಕೈ ಹಾಕಬೇಡಿ.

ಬಿಡಿಭಾಗ ಬದಲಾಯಿಸಿ ಬೇರೆ ರೂಪ ಕೊಡಬಹುದಾ?

ಕೊಡಬಹುದು. ಈ ಮಾಡೆಲಿಗೆ ಸಿಗುವಷ್ಟು ಗಾಜು, ಮುಳ್ಳು, ಉಂಗುರ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಹಳೇ ಯಂತ್ರ ತೆಗೆದು ಸೀಕೋದ್ದೇ ಹೊಸ ಯಂತ್ರ ಎನ್‌ಎಚ್36 ಕೂರಿಸುವವರೂ ಇದ್ದಾರೆ. ಮೂಲ ಭಾಗಗಳನ್ನು ಡಬ್ಬಿಯಲ್ಲಿ ಹಾಕಿ ಇಟ್ಟುಕೊಳ್ಳಿ. ನಾನು ಏನೂ ಬದಲಾಯಿಸಿಲ್ಲ.

ಸ್ನಾನಕ್ಕೆ ಹಾಕಿಕೊಂಡು ಹೋಗಬಹುದಾ?

ಬೇಡ. ಆಳಕ್ಕೆ ತಡೆಯುತ್ತದೆ ಅಂದ ಮಾತ್ರಕ್ಕೆ ಬಿಸಿನೀರಿಗೆ ತಡೆಯಬೇಕು ಅಂತಿಲ್ಲ. ಬಿಸಿ, ಸೋಪು, ಎಣ್ಣೆ ಮೂರೂ ರಬ್ಬರ್ ವಾಷರಿನ ಆಯಸ್ಸು ಕಡಿಮೆ ಮಾಡುತ್ತವೆ. ಸಮುದ್ರದಿಂದ ಬಂದರೆ ಸಿಹಿನೀರಿನಲ್ಲಿ ತೊಳೆಯಿರಿ, ಉಂಗುರದ ಸಂದಿಯಲ್ಲಿ ಉಪ್ಪು, ಮರಳು ಉಳಿಯುತ್ತದೆ. ಒದ್ದೆ ಇರುವಾಗ ಕೀ ತಿರುಪು ಬಿಚ್ಚಲೇಬೇಡಿ.

ನನ್ನ ಹತ್ತಿರವೂ ಒಂದು ಹಳೆಯದು ಡ್ರಾಯರಿನಲ್ಲಿದೆ. ಮತ್ತೆ ಹಾಕಿಕೊಳ್ಳುವ ಮೊದಲು ಏನು ಮಾಡಲಿ?

ಮೊದಲು ಕೀ ಪೂರ್ತಿ ತಿರುಪಿ ಕೂತಿದೆಯಾ ನೋಡಿ. ಆಮೇಲೆ ಅಡ್ಡಡ್ಡ ಮೆಲ್ಲಗೆ ಅಲ್ಲಾಡಿಸಿ, ಅರ್ಧ ನಿಮಿಷ ಸಾಕು. ನಡೆಯಿತು ಅಂದರೆ ಎರಡು ದಿನ ಮನೆಯಲ್ಲೇ ಹಾಕಿಕೊಂಡು ನೋಡಿ. ನಿಂತು ನಿಂತು ನಡೆದರೆ ಒಳಗಿನ ಎಣ್ಣೆ ಒಣಗಿದೆ, ಬಲವಂತ ಮಾಡದೆ ಸರ್ವಿಸಿಗೆ ಕೊಡಿ. ಚೆನ್ನಾಗಿ ನಡೆದರೂ ನೀರಿಗೆ ಮುಟ್ಟಿಸುವ ಮೊದಲು ವಾಷರ್ ಬದಲಾಯಿಸಿ, ಒತ್ತಡದ ಪರೀಕ್ಷೆ ಮಾಡಿಸಿ. ಹೊಸ ವಾಷರಿಗೆ ಸಿಲಿಕೋನ್ ಗ್ರೀಸ್ ಸವರಿ ಅಂತ ಬಾಯಿಬಿಟ್ಟು ಹೇಳಿ.

ತಾರೀಕು ಇಡುವುದಿದ್ದರೆ ರಾತ್ರಿ 9ರಿಂದ ಬೆಳಗಿನ 4ರ ನಡುವೆ ಇಡಬೇಡಿ. ಆ ಹೊತ್ತಿನಲ್ಲಿ ಒಳಗಿನ ಹಲ್ಲುಗಳು ತಾರೀಕು ಬದಲಿಸುವ ಕೆಲಸಕ್ಕೆ ಕೂಡಿಕೊಂಡಿರುತ್ತವೆ, ಬಲವಂತಕ್ಕೆ ಮುರಿಯಬಹುದು. ಮುಳ್ಳುಗಳನ್ನು 6 ಗಂಟೆಗೆ ತಂದು, ಕೀಯನ್ನು ಒಂದೇ ಹಂತ ಎಳೆಯಿರಿ. ಒಂದು ಕಡೆ ತಿರುಗಿಸಿದರೆ ತಾರೀಕು, ಇನ್ನೊಂದು ಕಡೆ ವಾರ. ನಿನ್ನೆಯದಕ್ಕೆ ಇಡಿ. ಆಮೇಲೆ ಪೂರ್ತಿ ಎಳೆದು ಮುಳ್ಳನ್ನು ಮುಂದಕ್ಕೆ ತಿರುಗಿಸುತ್ತಾ ಹೋಗಿ. 12 ದಾಟುವಾಗ ತಾರೀಕು ಬದಲಾದರೆ ಅದು ಮಧ್ಯರಾತ್ರಿ. ಅಲ್ಲಿಂದ ಈಗಿನ ಟೈಮಿಗೆ ತನ್ನಿ, ಕೀ ಒತ್ತಿ ತಿರುಪಿ.